ಗುಳ್ಳೆ ಚರ್ಮದಲ್ಲಿ, ಮೂಲ ಗೋಧಿಯಲ್ಲಿ

ಆಯುರ್ವೇದದಲ್ಲಿ ‘ನಿದಾನ’ ಎಂಬ ಪದಕ್ಕೆ ರೋಗದ ಕಾರಣ ಎಂಬ ಅರ್ಥವೂ ಇದೆ, ರೋಗವನ್ನು ನಿರ್ಣಯಿಸುವ ವಿಧಾನ ಎಂಬ ಅರ್ಥವೂ ಇದೆ. ಈ ಎರಡೂ ಒಂದಕ್ಕೊಂದು ಹೆಣೆದುಕೊಂಡಿರುವ ಒಂದು ಚರ್ಮವ್ಯಾಧಿಯನ್ನು ಈ ಸಂಚಿಕೆಯಲ್ಲಿ ಸದ್ಭಕ್ತರಿಗೆ ಪರಿಚಯಿಸಲು ಬಯಸುತ್ತೇವೆ. 1884ರಲ್ಲಿ ಅಮೆರಿಕದ ಚರ್ಮವೈದ್ಯ ಲೂಯಿಸ್ ಡೂರಿಂಗ್ ಅವರು ಇದಕ್ಕೆ ‘ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್’ ಎಂದು ಹೆಸರಿಟ್ಟರು. ಹೆಸರು ಹರ್ಪಿಸ್ ರೋಗವನ್ನು ನೆನಪಿಸಿದರೂ ಇದು ವೈರಾಣುವಿನಿಂದ ಬರುವುದಲ್ಲ. ಒಬ್ಬರಿಂದ ಮತ್ತೊಬ್ಬರಿಗೆ ಅಂಟುವುದೂ ಇಲ್ಲ.

ಲಕ್ಷಣಗಳು

ಮೊಣಕೈ, ಮೊಣಕಾಲು, ಪೃಷ್ಠ, ಬೆನ್ನು ಮತ್ತು ತಲೆಯ ಚರ್ಮದಲ್ಲಿ ಸಣ್ಣ ನೀರುಗುಳ್ಳೆಗಳು ಗುಂಪುಗುಂಪಾಗಿ, ಸಾಮಾನ್ಯವಾಗಿ ಶರೀರದ ಎರಡೂ ಪಾರ್ಶ್ವಗಳಲ್ಲಿ ಏಳುತ್ತವೆ. ತುರಿಕೆಯೂ ಉರಿಯೂ ಅತಿ ತೀವ್ರ. ರೋಗಿಯು ಕೆರೆದುಕೊಳ್ಳುವುದರಿಂದ ಗುಳ್ಳೆಗಳು ಒಡೆದು, ವೈದ್ಯರ ಕಣ್ಣಿಗೆ ಗಾಯ ಮತ್ತು ಕಲೆಗಳಷ್ಟೇ ಬೀಳುತ್ತವೆ. ಆದ್ದರಿಂದಲೇ ಇದನ್ನು ಕಜ್ಜಿ ಅಥವಾ ಇಸುಬು ಎಂದು ಭಾವಿಸಿ ವರ್ಷಗಟ್ಟಲೆ ಮುಲಾಮು ಹಚ್ಚುವುದುಂಟು.

ಕಾರಣ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕವೇ ಇದರ ಮೂಲ. ಅನುವಂಶೀಯ ಪ್ರವೃತ್ತಿಯುಳ್ಳ ಕೆಲವರಲ್ಲಿ ಗ್ಲುಟೆನ್ ಸಣ್ಣ ಕರುಳನ್ನು ಸೇರಿದಾಗ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ‘ಐಜಿಎ’ ಎಂಬ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಅವು ಚರ್ಮದ ಮೇಲ್ಪದರದ ಕೆಳಗೆ ಸಂಚಯಗೊಂಡು ಉರಿಯೂತವನ್ನೂ ಗುಳ್ಳೆಗಳನ್ನೂ ಉಂಟುಮಾಡುತ್ತವೆ. ಹೊಟ್ಟೆಯ ತೊಂದರೆ ಇಲ್ಲದವರಲ್ಲಿಯೂ ಬಹುಮಟ್ಟಿಗೆ ಕರುಳಿನಲ್ಲಿ ಸೀಲಿಯಾಕ್ ವ್ಯಾಧಿಯ ಹಾನಿ ಕಂಡುಬರುತ್ತದೆ.

ನಿರ್ಣಯ

ಗುಳ್ಳೆಯ ಪಕ್ಕದ, ನೋಡಲು ಆರೋಗ್ಯವಾಗಿರುವ ಚರ್ಮದಿಂದ ಸಣ್ಣ ಚೂರನ್ನು ತೆಗೆದು, ವಿಶೇಷ ಸೂಕ್ಷ್ಮದರ್ಶಕ ಪರೀಕ್ಷೆಯಿಂದ ಐಜಿಎ ಸಂಚಯವನ್ನು ಗುರುತಿಸುವುದೇ ಮುಖ್ಯ ವಿಧಾನ. ರಕ್ತಪರೀಕ್ಷೆಯೂ ಸಹಾಯಕ, ಆದರೆ ಅದರಲ್ಲಿ ಏನೂ ಕಾಣದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಾರಣವನ್ನು ತ್ಯಜಿಸುವ ‘ನಿದಾನ ಪರಿವರ್ಜನ’ವೇ ಮೊದಲ ಚಿಕಿತ್ಸೆಯೆಂಬುದು ಆಯುರ್ವೇದದ ಸಿದ್ಧಾಂತ. ಆದರೆ ಈ ವ್ಯಾಧಿಯ ಸಂಶಯ ಬಂದೊಡನೆ ಗೋಧಿಯನ್ನು ಬಿಟ್ಟರೆ ಪರೀಕ್ಷೆಗಳಲ್ಲಿ ರೋಗದ ಗುರುತು ಮರೆಯಾಗಬಹುದು. ಮೊದಲು ಪರೀಕ್ಷೆ, ಅನಂತರ ಪಥ್ಯ.

ಪಥ್ಯ

ರೋಗ ಖಚಿತವಾದ ಮೇಲೆ ಚಪಾತಿ, ರವೆ, ಶಾವಿಗೆ, ಮೈದಾ, ಗೋಧಿ ಹುಗ್ಗಿಗಳನ್ನು ಜೀವನಪರ್ಯಂತ ತ್ಯಜಿಸಬೇಕು. ಖಪಲಿ ಗೋಧಿಯೂ ನಿಷಿದ್ಧ. ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು. ಚರ್ಮರೋಗಗಳಲ್ಲಿ ನಮ್ಮ ಗ್ರಂಥಗಳು ಪಥ್ಯವೆನ್ನುವ ಯವ, ಅಂದರೆ ಬಾರ್ಲಿ, ಇಲ್ಲಿ ಅಪಥ್ಯ. ಜೋಳ, ರಾಗಿ, ಸಜ್ಜೆ, ನವಣೆ, ಅಕ್ಕಿಗಳಲ್ಲಿ ಗ್ಲುಟೆನ್ ಇಲ್ಲ. ಗೋಧಿ ಬೀಸುವ ಗಿರಣಿಯಲ್ಲಿ ಅವುಗಳನ್ನು ಬೀಸಿಸಬಾರದು, ಅಷ್ಟೆ.

ಪಥ್ಯದ ಫಲ ಚರ್ಮದಲ್ಲಿ ಕಾಣಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ತುರಿಕೆ ತಗ್ಗಿಸಲು ಚರ್ಮತಜ್ಞರು ಡ್ಯಾಪ್ಸೋನ್ ಮಾತ್ರೆಯನ್ನು ರಕ್ತಪರೀಕ್ಷೆ ಮಾಡಿಸಿ ಕೊಡುತ್ತಾರೆ. ಅದು ಕರುಳನ್ನು ಗುಣಪಡಿಸದು. ಆ ಕೆಲಸ ಪಥ್ಯದಿಂದಲೇ ಆಗಬೇಕು. ಮುಲಾಮಿಗೆ ಮಣಿಯದ ತುರಿಗುಳ್ಳೆಗಳು ಮನೆಯಲ್ಲಿ ಯಾರಿಗಾದರೂ ಇದ್ದಲ್ಲಿ, ಅವರನ್ನು ಚರ್ಮತಜ್ಞರಲ್ಲಿಗೆ ಕರೆದೊಯ್ಯಬೇಕೆಂದು ಕೋರುತ್ತೇವೆ.