ಬೆಕ್ಕಿಗೆ ಚೆಲ್ಲಾಟ

ಸಲಿಗೆಯಿಂದ ಆಡಿದ ಮಾತಿಗೆ ದೋಷವಿಲ್ಲವೆನ್ನುವವರುಂಟು. ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಇಂಗ್ಲೆಂಡಿನ ರಾಜಕುಟುಂಬದ ಒಂದು ಪ್ರಸಂಗದಿಂದ ವಿಚಾರಿಸಬಹುದು.

ರಾಜಕುಮಾರ ಹ್ಯಾರಿಯು 2006ರಲ್ಲಿ ಸೈನಿಕ ಶಿಕ್ಷಣ ಪಡೆಯುತ್ತಿದ್ದಾಗ, ತಾನೇ ತೆಗೆದ ವೀಡಿಯೋ ಚಿತ್ರವೊಂದರಲ್ಲಿ ಪಾಕಿಸ್ತಾನದ ಸಹಪಾಠಿಯೊಬ್ಬನನ್ನು ‘ಪಾಕಿ’ ಎಂದನು. 2009ರ ಜನವರಿಯಲ್ಲಿ ಅದು ಪತ್ರಿಕೆಗೆ ಸಿಕ್ಕಿ ದೊಡ್ಡ ಗದ್ದಲವಾಯಿತು. ಅರಮನೆಯವರು ಅವನ ಪರವಾಗಿ ವಿಷಾದ ಸೂಚಿಸಿದರು. ಅದರೊಡನೆಯೇ, ಅದು ದುರುದ್ದೇಶವಿಲ್ಲದ ಅಡ್ಡಹೆಸರೆಂದೂ ಆ ತರುಣನು ದಳದಲ್ಲಿ ಎಲ್ಲರಿಗೂ ಮೆಚ್ಚಿನವನೆಂದೂ ಸೇರಿಸಿದರು.

ದೇಶದ ಹೆಸರನ್ನು ಮೊಟಕುಮಾಡಿದರೆ ತಪ್ಪೇನು ಎಂದು ಕೇಳಬಹುದು. ಪದಕ್ಕೆ ಅರ್ಥ ಬರುವುದು ಬಳಕೆಯಿಂದ. 1970ರ ಸುಮಾರಿನಿಂದ ಬ್ರಿಟನ್ನಿನ ಬೀದಿಗಳಲ್ಲಿ ಪುಂಡರು ಈ ಪದವನ್ನು ಕೂಗುತ್ತ ವಲಸೆ ಬಂದವರನ್ನು ಬಡಿದರು. ಆ ಬಡಿತಕ್ಕೇ ‘ಪಾಕಿ ಬ್ಯಾಷಿಂಗ್’ ಎಂದು ಹೆಸರಾಯಿತು. ಮೈಬಣ್ಣವೊಂದೇ ಸಾಕಾಗಿತ್ತು, ಭಾರತೀಯನೋ ಬಾಂಗ್ಲಾದೇಶದವನೋ ಎಂದು ಪುಂಡರು ವಿಚಾರಿಸುತ್ತಿರಲಿಲ್ಲ.

ದುರುದ್ದೇಶವಿರಲಿಲ್ಲವೆಂದೇ ಒಪ್ಪೋಣ. ಅದು ಆಡಿದವನ ಮನಸ್ಸಿನ ಸಮಾಚಾರ. ಕೇಳಿದವನ ಗಾಯಕ್ಕೆ ಮದ್ದಾಗದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗೆಳೆಯನೇ ಆಕ್ಷೇಪಿಸಲಿಲ್ಲವೆಂದರೂ, ರಾಣಿಯ ಮೊಮ್ಮಗನೆದುರು ಮುಖ ಸಿಂಡರಿಸುವ ಧೈರ್ಯ ಎಷ್ಟು ಮಂದಿಗೆ ಇದ್ದೀತು?

ಉಳಿದದ್ದು, ತಿಳಿಯದೆ ಆಡಿದೆನೆಂಬ ಸಮಾಧಾನ. ಚಿಕ್ಕಂದಿನಿಂದ ಅನೇಕರ ಬಾಯಲ್ಲಿ ಈ ಪದವನ್ನು ಕೇಳಿದ್ದಾಗಿಯೂ, ಯಾರೂ ಅಳುಕಿದ್ದನ್ನು ಕಾಣಲಿಲ್ಲವೆಂದೂ ಹ್ಯಾರಿಯು 2023ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಈ ಮಾತಿನಿಂದ ಅವನ ತಪ್ಪು ಅಳಿಯದು. ಸುತ್ತಲಿದ್ದ ಹಿರಿಯರ ತಪ್ಪೂ ಹೊರಬೀಳುತ್ತದೆ. ಮಕ್ಕಳು ಪಕ್ಕದಲ್ಲಿ ಕುಳಿತು ಉಣ್ಣುವಾಗ ಪರರ ಬಣ್ಣವನ್ನೂ ಕುಲವನ್ನೂ ಹಿಡಿದು ಹಾಸ್ಯಮಾಡುವ ಗೃಹಸ್ಥರು ಇದನ್ನು ನೆನೆಯುವುದು ಒಳ್ಳೆಯದು.