ಒಂದು ಕಾಲಿಗೆ ಕರಿಯ ಬೂಟು

ಒಬ್ಬರನ್ನು ಇನ್ನೊಬ್ಬರೆಂದು ಭ್ರಮಿಸುವುದು ಹಾಸ್ಯದ ಬಹು ಹಳೆಯ ಬಂಡವಾಳ. ಷೇಕ್ಸ್‌ಪಿಯರನ ಅವಳಿಜವಳಿಗಳ ಪ್ರಹಸನವನ್ನು ಈಶ್ವರಚಂದ್ರ ವಿದ್ಯಾಸಾಗರರು ೧೮೬೯ರಲ್ಲಿ ಬಂಗಾಳಿ ಗದ್ಯಕ್ಕೆ ತಂದರು, ಅಲ್ಲಿಂದ ಬಿ. ವೆಂಕಟಾಚಾರ್ಯರು ಅದನ್ನು ‘ಭ್ರಾಂತಿವಿಲಾಸ’ವೆಂದು ಕನ್ನಡಿಗರ ಕೈಗಿತ್ತರು. ಅಲ್ಲಿ ಭ್ರಾಂತಿಗೆ ಕಾರಣ ಮುಖಗಳ ಹೋಲಿಕೆ. ಆದರೆ ಯಾರನ್ನೂ ಹೋಲದವನನ್ನು ಜನ ತಪ್ಪಾಗಿ ತಿಳಿಯುವುದು ಹೇಗೆ? ಇದಕ್ಕೆ ಸೊಗಸಾದ ಉತ್ತರ ೧೯೭೨ರ ಒಂದು ಫ್ರೆಂಚ್ ಚಿತ್ರದಲ್ಲಿದೆ. ಅದರ ಹೆಸರನ್ನು ‘ಒಂದು ಕರಿಯ ಬೂಟಿನ ಹೊಂಗೂದಲ ಎತ್ತರದಾಳು’ ಎಂದು ಕನ್ನಡಿಸಬಹುದು. ನಿರ್ದೇಶಕರು ಈವ್ ರೋಬೇರ್. ಅವರೊಡನೆ ಚಿತ್ರಕಥೆ ಹೆಣೆದವರು ಫ್ರಾನ್ಸಿಸ್ ವೆಬೆರ್.

ಕಥೆ ಪ್ಯಾರಿಸಿನದು. ಗೂಢಚಾರ ಇಲಾಖೆಯ ಮುಖ್ಯಸ್ಥ ತುಲೂಸನ ಕುರ್ಚಿಯ ಮೇಲೆ ಅವನ ಕೈಕೆಳಗಿನ ಮಿಲಾನನಿಗೆ ಕಣ್ಣು. ತನ್ನ ಮನೆಯಲ್ಲಿ ಮಿಲಾನ್ ಗುಪ್ತ ಮೈಕ್ರೋಫೋನುಗಳನ್ನು ಅಡಗಿಸಿಟ್ಟಿರುವುದು ತುಲೂಸನಿಗೆ ಗೊತ್ತು. ಅವನು ಅವನ್ನು ಕಿತ್ತುಹಾಕುವುದಿಲ್ಲ. ಅವು ಕೇಳುವಂತೆ ಒಂದು ಸುಳ್ಳನ್ನು ನುಡಿಯುತ್ತಾನೆ. ತನ್ನನ್ನು ಉಳಿಸಬಲ್ಲ ವ್ಯಕ್ತಿಯೊಬ್ಬ ಓರ್ಲಿ ವಿಮಾನನಿಲ್ದಾಣಕ್ಕೆ ಬರಲಿದ್ದಾನೆ ಎಂಬುದೇ ಆ ಸುಳ್ಳು. ಅಂಥವನು ಯಾರೂ ಇಲ್ಲ! ಗುಂಪಿನಿಂದ ಯಾರನ್ನಾದರೂ ಒಬ್ಬನನ್ನು ಆರಿಸಲು ತನ್ನ ಸಹಾಯಕನನ್ನು ಕಳುಹಿಸುತ್ತಾನೆ. ಆ ಸಹಾಯಕನ ಕಣ್ಣಿಗೆ ಬಿದ್ದವನು ಫ್ರಾಂಸ್ವಾ ಪೆರ್‍ಯಾಂ ಎಂಬ ಪಿಟೀಲುವಾದಕ. ವಾದ್ಯವೃಂದದ ಗೆಳೆಯರ ಚೇಷ್ಟೆಯಿಂದ ಅವನ ಒಂದು ಕಾಲಲ್ಲಿ ಕರಿಯ ಬೂಟು, ಇನ್ನೊಂದರಲ್ಲಿ ಕೆಂಗಂದಿನದು.

ಇನ್ನು ಮುಂದೆ ಸಂಶಯದ ಯಂತ್ರ ತಾನೇ ತಾನಾಗಿ ತಿರುಗುತ್ತದೆ. ಪೆರ್‍ಯಾಂ ತಬ್ಬಿಬ್ಬಾದರೆ, ಎಂಥ ನಟನೆ ಎನ್ನಬೇಕು. ಏನೂ ಮಾಡದೆ ಪಿಟೀಲು ಬಾರಿಸಿದರೆ, ಎಂಥ ಎಚ್ಚರಿಕೆಯವನು ಎನ್ನಬೇಕು. ಅವನ ಮನೆಯನ್ನು ಶೋಧಿಸುತ್ತಾರೆ, ಗೋಡೆಗೋಡೆಗೂ ಕಿವಿ ಅಂಟಿಸುತ್ತಾರೆ. ಗುಟ್ಟು ಸಿಗದಷ್ಟೂ ಗುಟ್ಟು ದೊಡ್ಡದೆಂಬ ನಂಬಿಕೆ ಬಲಿಯುತ್ತದೆ. ಇವನ ನಿರಪರಾಧವೇ ಇವನ ಮೇಲಿನ ಸಾಕ್ಷ್ಯ! ಪಿಯೆರ್ ರಿಷಾರ್ ಈ ಪಾತ್ರವನ್ನು ಹಾಸ್ಯಗಾರನೆಂದು ತೋರಿಸಿಕೊಳ್ಳದೆ, ತನ್ನ ಪಾಡಿಗೆ ತಾನಿರುವ ಪರಾಕುಗಾರನಂತೆ ಅಭಿನಯಿಸಿದ್ದಾರೆ. ನಗು ಹುಟ್ಟುವುದು ಅದರಿಂದಲೇ.

ರೇಡಿಯೋ ಕೇಳುವ ಮನೆಯವರಾದ ತಾವು ಗಮನಿಸಬೇಕಾದ ಸಂಗತಿಯೊಂದಿದೆ. ಚಿತ್ರದ ತುಂಬ ಕೇಳುವವರೇ. ಕೇಳಿದ್ದನ್ನು ತಿಳಿದವರು ಮಾತ್ರ ಇಲ್ಲ. ಪೆರ್‍ಯಾಂನ ಗೆಳೆಯ ಮೋರಿಸನಿಗೆ ಬೀದಿಯಲ್ಲಿ ನಿಂತ ವಾಹನವೊಂದರಿಂದ ತನ್ನ ಹೆಂಡತಿಯ ದನಿ ಕೇಳಿಬರುತ್ತದೆ. ಪಾಪ, ಅವನು ತನ್ನ ಬುದ್ಧಿಯನ್ನೇ ಶಂಕಿಸತೊಡಗುತ್ತಾನೆ. ನಾಯಕನೂ ಹಾಲಿನಲ್ಲಿ ತೊಳೆದವನಲ್ಲವೆಂದು ಇದರಿಂದ ತಿಳಿಯಿತಷ್ಟೆ. ಆದರೆ ಅವನು ಮುಚ್ಚಿಟ್ಟದ್ದು ರಾಜ್ಯದ ರಹಸ್ಯವಲ್ಲ, ಸಂಸಾರದ ರಹಸ್ಯ. ಅವನನ್ನು ಬಲೆಗೆ ಕೆಡವಲು ಮಿಲಾನ್ ನೇಮಿಸಿದ ಕ್ರಿಸ್ಟೀನ್ ಕೊನೆಗೆ ಅವನನ್ನೇ ಮೆಚ್ಚುತ್ತಾಳೆ. ಯಂತ್ರಗಳು ತಿಳಿಯದ್ದನ್ನು ಹತ್ತಿರ ಕುಳಿತು ಮಾತಾಡಿದವಳು ತಿಳಿಯುತ್ತಾಳೆ.

ಸಂಗೀತ ವ್ಲಾದಿಮಿರ್ ಕೋಸ್ಮಾ ಅವರದು. ಗೂಢಚಾರರ ಚಿತ್ರವೆಂದರೆ ಕಹಳೆ, ನಗಾರಿಗಳ ಅಬ್ಬರ ನಿರೀಕ್ಷಿತ. ಇಲ್ಲಿ ರುಮೇನಿಯದ ಬಹುನಾಳದ ಕೊಳಲನ್ನು ಗೆಯೋರ್ಗೆ ಜಂಫಿರ್ ನುಡಿಸಿದ್ದಾರೆ. ಆ ತುಂಟ ಸ್ವರ ಕಿವಿಗೆ ಬಿದ್ದೊಡನೆ ಈ ಗೂಢಚಾರರ ಗಾಂಭೀರ್ಯ ಕರಗುತ್ತದೆ.

೧೯೭೩ರ ಬರ್ಲಿನ್ ಚಿತ್ರೋತ್ಸವದಲ್ಲಿ ಈ ಕೃತಿಗೆ ರಜತ ಕರಡಿ ಪ್ರಶಸ್ತಿ ಸಂದಿತು. ೧೯೭೪ರಲ್ಲಿ ಇದರ ಮುಂದಿನ ಭಾಗ ಬಂತು. ೧೯೮೫ರಲ್ಲಿ ಹಾಲಿವುಡ್ ಇದನ್ನು ಟಾಮ್ ಹ್ಯಾಂಕ್ಸ್ ಅವರೊಡನೆ ಮತ್ತೆ ತೆಗೆದಾಗ ಬೂಟಿನ ಬಣ್ಣ ಕೆಂಪಾಯಿತು.

ಅಂತ್ಯವನ್ನು ಇಲ್ಲಿ ಹೇಳಿ ನೋಡುವವರ ಸಂತೋಷಕ್ಕೆ ಭಂಗ ತರುವುದು ಬೇಡ. ಆದರೆ ನಗುವಿನ ನಡುವೆ ಹೆಣಗಳೂ ಬೀಳುತ್ತವೆಂಬುದನ್ನು ಮರೆಯುವಂತಿಲ್ಲ. ಇಬ್ಬರು ಅಧಿಕಾರಿಗಳ ಜಿದ್ದಿಗೆ, ಏನೂ ಅರಿಯದ ಒಬ್ಬನ ಪ್ರಾಣವನ್ನು ಪಣವಾಗಿ ಒಡ್ಡಲಾಗಿದೆ. ಆರಿಸಿದವರಿಗೆ ಅವನ ಹೆಸರೂ ಮೊದಲು ತಿಳಿದಿರಲಿಲ್ಲ. ವಿಮಾನದಿಂದ ಇಳಿದ ಯಾರಾದರೂ ಆಗಬಹುದಿತ್ತು. ನಾವೂ ನೆರೆಮನೆಯವರ ಅರ್ಧ ಮಾತು ಕೇಳಿ ಪೂರ್ಣ ಕಥೆ ಕಟ್ಟುವುದುಂಟಲ್ಲವೆ? ಇನ್ನೊಮ್ಮೆ ಹಾಗಾದಾಗ ಜೋಡಿಯಲ್ಲದ ಆ ಬೂಟುಗಳನ್ನು ನೆನೆದುಕೊಳ್ಳೋಣ. ಅವುಗಳ ಹಿಂದೆ ಇದ್ದದ್ದು ಗೆಳೆಯರ ಚೇಷ್ಟೆಯೊಂದೇ.