ದುಡಿಯುವ ಮಕ್ಕಳ ತಿರುಗಾಟವೂ ಶ್ರೀಶೈಲದ ಕಾಲ್ನಡಿಗೆಯೂ

ಬೆಂಗಳೂರಿನಲ್ಲಿ ನೌಕರಿಗೆ ನಿಂತ ನಮ್ಮ ಸಮಾಜದ ತರುಣ ತರುಣಿಯರ ಬಗೆಗೆ ಹಿರಿಯರ ಬಾಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದೇ ದೂರು ಕೇಳಿಬರುತ್ತಿದೆ. ಸಂಬಳ ಚೆನ್ನಾಗಿದೆ, ದುಶ್ಚಟವಿಲ್ಲ, ತಿಂಗಳು ತಿಂಗಳು ಮನೆಗೆ ಹಣ ಬರುತ್ತದೆ. ಆದರೆ ಶನಿವಾರ ಬಂತೆಂದರೆ ಬೆನ್ನಿಗೆ ಚೀಲವೇರಿಸಿ ಎಲ್ಲಿಗೋ ಹೊರಟುಬಿಡುತ್ತಾರೆ. ಊರಿಗೆ ಬಾ ಎಂದರೆ ರಜೆಯಿಲ್ಲ, ಬೆಟ್ಟ ಹತ್ತಲು ಮಾತ್ರ ರಜೆಯುಂಟು. ಈ ದೂರು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ಆದರೂ ದೂರುವ ಮೊದಲು ಆ ಮಕ್ಕಳ ದಿನಚರಿಯನ್ನು ಒಮ್ಮೆ ಕಣ್ಣಾರೆ ಕಾಣುವುದು ಒಳಿತು.

ಎಂಟು ಗಂಟೆಯ ಕೆಲಸವೆಂಬುದು ಹೆಸರಿಗೆ. ರಸ್ತೆಯ ಮೇಲೆ ಕಳೆಯುವ ಹೊತ್ತನ್ನು ಕೂಡಿಸಿದರೆ ಅದು ಹನ್ನೊಂದೋ ಹನ್ನೆರಡೋ ಗಂಟೆಯಾಗುತ್ತದೆ. ಸಂಜೆಯ ಹೊತ್ತು ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಿಕ್ಕಿಕೊಂಡ ಬಸ್ಸಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಬ್ಬರು ಮೂವರು ಹಂಚಿಕೊಂಡ ಬಾಡಿಗೆಯ ಕೋಣೆ, ರುಚಿಯರಿಯದ ಊಟ, ಕಿಟಕಿ ತೆರೆಯದ ತಂಪು ಕಚೇರಿ, ಹಗಲೆಲ್ಲ ಗಣಕಯಂತ್ರದತ್ತ ಬಾಗಿದ ಕುತ್ತಿಗೆ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ, ಎರಡು ದಿನ ಬೆಟ್ಟ ಕಾಡು ಸುತ್ತಿ, ಸೋಮವಾರ ನಸುಕಿನಲ್ಲಿ ಇಳಿದು, ಮೀಯಲು ಮಾತ್ರ ಕೋಣೆಗೆ ಹೋಗಿ ಮತ್ತೆ ಕಚೇರಿ ಸೇರುತ್ತಾರೆ. ಹೊಲದ ಬದುವಿನ ಮೇಲೆ ಓಡಾಡಿ ಬೆಳೆದವರಿಗೆ ವಾರಕ್ಕೊಮ್ಮೆ ಆಕಾಶ ಕಾಣಬೇಕೆನಿಸಿದರೆ ಅದನ್ನು ದುರಭ್ಯಾಸವೆಂದು ಕರೆಯಲು ನಮಗೆ ಮನಸ್ಸು ಬಾರದು.

ಅವರು ಹೋಗುವ ಸ್ಥಳಗಳನ್ನಾದರೂ ಗಮನಿಸಿರಿ. ಬೆಂಗಳೂರಿಗೆ ಸುಮಾರು 55 ಕಿಲೋಮೀಟರ್ ದೂರದ ಶಿವಗಂಗೆ ಅವರ ಮೆಚ್ಚಿನ ಬೆಟ್ಟ. ಗಂಗಾಧರೇಶ್ವರನಿಗೆ ತುಪ್ಪದ ಅಭಿಷೇಕ ಮಾಡಿಸಿ, ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿ ನೀರು ಸಿಕ್ಕಿತೇ ಎಂದು ನೋಡಿ, ಕಡಿದಾದ ಬಂಡೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ಏರಿದ ಅಜ್ಜಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅಜ್ಜಿ ಹತ್ತಿದರೆ ಯಾತ್ರೆ, ಮೊಮ್ಮಗಳು ಹತ್ತಿದರೆ ತಿರುಗಾಟ! ಅಂತೆಯೇ ಉಳವಿ. ಚೆನ್ನಬಸವಣ್ಣನವರು ಐಕ್ಯರಾದ ಆ ಕಾಡಿನ ನಡುವಣ ಕ್ಷೇತ್ರಕ್ಕೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಭಾರತ ಹುಣ್ಣಿಮೆಯ ಜಾತ್ರೆಗೆ ಎತ್ತಿನ ಗಾಡಿ ಹೂಡಿಕೊಂಡು ಹೋಗುತ್ತ ಬಂದಿದ್ದಾರೆ. ದಾಂಡೇಲಿಗೆ ಕಾಡು ನೋಡಲೆಂದು ಹೋಗುವ ತರುಣರಲ್ಲಿ ಎಷ್ಟು ಮಂದಿ ಮುಂದೆ ಸಾಗಿ ಉಳವಿಯ ಗವಿಗಳನ್ನು ನೋಡಿ ಬಂದಾರು? ಇದನ್ನು ಹೇಳಿಕೊಡಬೇಕಾದವರು ನಾವೇ.

ಹಾಗೆಂದು ಎಲ್ಲವನ್ನೂ ಹೊಗಳುವಂತಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಒಮ್ಮೆಲೇ ನೆರೆದು, ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಜಾತ್ರೆಗೆ ನೆರೆದವರಿಗಾದರೆ ಒಂದು ಕಟ್ಟುಪಾಡು ಇರುತ್ತದೆ. ಇಲ್ಲಿ ಅದೂ ಇಲ್ಲ. ಜಲಪಾತದ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಹುಚ್ಚಿನ ಬಗೆಗೆ ಬರೆಯಲು ನಮಗೆ ಇಷ್ಟವಿಲ್ಲ.

ಬಾಗಲಕೋಟೆ ಜಿಲ್ಲೆಯ ಒಂದು ಮನೆತನ ನಮಗೆ ಬಹುಕಾಲದ ಪರಿಚಯ. ತಂದೆ ನಿವೃತ್ತ ಶಿಕ್ಷಕರು. ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ, ವಯಸ್ಸು ಇಪ್ಪತ್ತಾರು. ಬೆಟ್ಟ ಹತ್ತುವುದೂ, ಹತ್ತಿದ ಬೆಟ್ಟದ ವಿವರವನ್ನು ದಿನಚರಿಯಲ್ಲಿ ಬರೆದಿಡುವುದೂ ಅವಳ ಹವ್ಯಾಸ. ನಾವು ಅವರ ಮನೆಗೆ ಪ್ರಸಾದಕ್ಕೆ ಹೋದಾಗ ತಾಯಿ ಕಣ್ಣಲ್ಲಿ ನೀರು ತಂದುಕೊಂಡರು. “ಗುರುಗಳ, ನೀವರ ಒಂದು ಮಾತು ಹೇಳ್ರಿ. ವರದ ಕಡೆಯವರು ಮೊದಲ ಕೇಳೋದು ಇದನ್ನ, ನಿಮ್ಮ ಹುಡುಗಿ ಬರೇ ಊರೂರು ತಿರುಗ್ತಾಳಂತಲ್ಲ ಅಂತ.” ಮಗಳು ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟು ಮೆಲ್ಲಗೆ ಹೇಳಿದಳು: “ಅಜ್ಜಾರ, ಐದು ದಿವಸ ಕುಂತಲ್ಲೇ ಕುಂತು ಕಾಲು ಅದಾವೋ ಇಲ್ಲೋ ಅನ್ನೋದ ಮರತು ಹೋಗಿರತೈತ್ರಿ. ಗುಡ್ಡ ಹತ್ತಿದಾಗ ಒಂದಿಷ್ಟು ಉಸಿರು ಬರತೈತಿ.”

ನಾವು ಯಾರ ಪಕ್ಷವನ್ನೂ ವಹಿಸಲಿಲ್ಲ. ಮುಂದಿನ ಯುಗಾದಿಗೆ ಊರವರೊಂದಿಗೆ ಶ್ರೀಶೈಲಕ್ಕೆ ನಡೆದುಹೋಗುವ ಆಸೆಯಿದೆಯೆಂದು ಅವಳೇ ಹೇಳಿದಳು. ತಂದೆಯ ಮುಖ ಅರಳಿತು. ಸೋದರತ್ತೆ ಜೊತೆಗಿರುವುದಾದರೆ ಅಡ್ಡಿಯಿಲ್ಲವೆಂದರು. ಎರಡು ದಿನ ಬೆಟ್ಟಕ್ಕೆ ಹೋಗಲು ಸಿಗದ ಅಪ್ಪಣೆ, ಮಲ್ಲಯ್ಯನ ಹೆಸರು ಬಂದೊಡನೆ ಹನ್ನೆರಡು ದಿನಕ್ಕೆ ಸಿಕ್ಕಿತು. ನಡೆಯುವ ಕಾಲುಗಳು ಅವೇ ಅಲ್ಲವೇ?

ಇಲ್ಲಿ ವಿಚಾರವಂತರು ಒಂದು ಪ್ರಶ್ನೆ ಎತ್ತುವುದುಂಟು. ಅಂಗದ ಮೇಲೆ ಇಷ್ಟಲಿಂಗವಿರುವಾಗ ಕ್ಷೇತ್ರಯಾತ್ರೆ ಏತಕ್ಕೆ? ಶರಣರು ತೀರ್ಥಸ್ನಾನದಿಂದ ಪಾಪ ತೊಳೆಯುವುದನ್ನು ಒಪ್ಪಲಿಲ್ಲವಷ್ಟೆ? ಪ್ರಶ್ನೆ ಸರಿಯಾದುದೇ. ಆದರೆ ಆ ಶರಣರೇ ಮಹಾ ಸಂಚಾರಿಗಳಾಗಿದ್ದರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಂಟಿಯಾಗಿ ನಡೆದಳು. ಆದಯ್ಯನು ಸೌರಾಷ್ಟ್ರದಿಂದ, ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಅಲ್ಲಮಪ್ರಭುಗಳು ಒಂದೆಡೆ ನಿಂತವರಲ್ಲ. ಪುಣ್ಯದ ಗಂಟು ಕಟ್ಟಿಕೊಳ್ಳಲೆಂದು ಇವರಾರೂ ನಡೆಯಲಿಲ್ಲ. ಸತ್ಯವನ್ನು ಅರಸಿ, ಸಮಾನಮನಸ್ಕರನ್ನು ಅರಸಿ ನಡೆದರು. ಹೆಣ್ಣುಮಗಳು ಒಬ್ಬಳೇ ಹೊರಗೆ ಹೊರಟರೆ ಹುಬ್ಬೇರಿಸುವ ನಮ್ಮ ಮನೆಗಳು ಅಕ್ಕನ ಭಾವಚಿತ್ರಕ್ಕೆ ಹೂವೇರಿಸುವಾಗ ಆಕೆ ನಡೆದ ದಾರಿಯನ್ನೂ ಸ್ವಲ್ಪ ನೆನೆಯಬಹುದು.

ಶ್ರೀಶೈಲದ ಕಾಲ್ನಡಿಗೆಯನ್ನು ಅರಿಯದ ದಕ್ಷಿಣದ ಓದುಗರಿಗಾಗಿ ನಾಲ್ಕು ಮಾತು. ಯುಗಾದಿಗೆ ಎರಡು ವಾರ ಮೊದಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಊರೂರಿನಿಂದ ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ಹೊರಡುತ್ತಾರೆ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಲಿಂಗಸುಗೂರು, ರಾಯಚೂರು ದಾಟಿ, ತುಂಗಭದ್ರೆಯಾಚೆ ಕರ್ನೂಲಿನ ಮೇಲೆ ಆತ್ಮಕೂರು ಮುಟ್ಟಿ ನಲ್ಲಮಲ ಅರಣ್ಯವನ್ನು ಹೊಗುತ್ತಾರೆ. ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ. ಅದು ಹುಲಿಗಳ ರಕ್ಷಿತಾರಣ್ಯ. ಈ ಕಾಲುದಾರಿಯಲ್ಲಿ ಹಬ್ಬದ ಕೆಲದಿನಗಳಲ್ಲಿ ಮಾತ್ರ ಭಕ್ತರನ್ನು ಬಿಡುತ್ತಾರೆ. ಭೀಮನಕೊಳ್ಳದ ಇಳಿಜಾರನ್ನು ಇಳಿದು ಎದುರಿನ ಏರನ್ನು ಹತ್ತಿದವರೇ ಅದರ ಕಷ್ಟವನ್ನು ಬಲ್ಲರು. ಭ್ರಮರಾಂಬೆ ಕನ್ನಡನಾಡಿನ ಮನೆಮಗಳೆಂಬ ನಂಬಿಕೆಯಿಂದ ಹೆಂಗಸರು ಅವಳಿಗೆಂದು ಸೀರೆ ಕುಪ್ಪಸ ಕಟ್ಟಿಕೊಂಡು ಹೋಗುತ್ತಾರೆ. ತವರಿನವರು ಮಗಳ ಮನೆಗೆ ಹಬ್ಬಕ್ಕೆ ಹೋದಂತೆ.

ತಾಯಿ ಬುತ್ತಿ ಕಟ್ಟಿಕೊಟ್ಟರು: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ. (ಅಂಗಡಿಯ ಬಿಸ್ಕತ್ತು ಎರಡನೆಯ ದಿನಕ್ಕೇ ಬೇಸರ ತರುತ್ತದೆ, ಖಡಕ್ ರೊಟ್ಟಿ ಹತ್ತನೆಯ ದಿನವೂ ರೊಟ್ಟಿಯೇ.) ಶಿವದಾರವನ್ನು ಹೊಸದಾಗಿ ಕಟ್ಟಿಸಿಕೊಳ್ಳಬೇಕೆಂದು ನಾವು ಹೇಳಿದ್ದೆವು. ಬೆವರಿಗೆ ಹಳೆಯ ದಾರ ಬೇಗ ಸವೆಯುತ್ತದೆ. ಬೆಟ್ಟ ಹತ್ತುವ ತರುಣರು ಇದನ್ನು ಎಲ್ಲ ಕಾಲಕ್ಕೂ ನೆನಪಿಡಬೇಕು. ಪೂಜೆಗೆ ಒಂದು ಬಟ್ಟೆ, ವಿಭೂತಿ, ತುಸು ನೀರಿದ್ದರೆ ಸಾಕು. ನಸುಕಿನಲ್ಲಿ ನಡಿಗೆ ತೊಡಗುವ ಮೊದಲು ಬಂಡೆಯ ಮೇಲೆ ಕುಳಿತು ಮುಗಿಸಬಹುದು.

ಮರಳಿ ಬಂದವಳು ಹೇಳಿದ ಸಂಗತಿಗಳಲ್ಲಿ ದೇವರ ದರ್ಶನದ ಮಾತು ಸ್ವಲ್ಪವೇ ಇತ್ತು. ಮೂರನೆಯ ದಿನ ಅಂಗಾಲಲ್ಲಿ ಬೊಬ್ಬೆಯೆದ್ದವು. ದುಬಾರಿ ಬೂಟನ್ನು ಚೀಲಕ್ಕೆ ತುಂಬಿ ಅತ್ತೆಯ ಹಳೆಯ ಚಪ್ಪಲಿ ಮೆಟ್ಟಿದಳು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ದಿನವೂ ಅವಳಿಗಿಂತ ಮೊದಲೇ ಬಿಡಾರ ಮುಟ್ಟುತ್ತಿದ್ದಳಂತೆ. ರಸ್ತೆಯ ಬದಿಗೆ ಊರಿನವರು ಹಂದರ ಹಾಕಿ ಮಜ್ಜಿಗೆ, ಅನ್ನ, ಸಾರು ನೀಡುತ್ತಿದ್ದರು. ಸಂಜೆ ಬಿಸಿನೀರು ಕಾಯಿಸಿ, ಗುರುತಿಲ್ಲದವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. “ಅಜ್ಜಾರ, ಚಾರಣಕ್ಕ ಹೋದಾಗ ಎಲ್ಲಾನೂ ರೊಕ್ಕಾ ಕೊಟ್ಟು ತಗೊಂತಿದ್ದೆ. ಇಲ್ಲಿ ಕೊಡಾಕ ಹೋದ್ರ ಯಾರೂ ಇಸಕೊಳ್ಳಲಿಲ್ರಿ. ಉಣ್ಣಾಕ ನಾಚಿಕಿ ಬರತಿತ್ತು.” ದಾಸೋಹದ ವಿಷಯವಾಗಿ ನಾವು ಎಷ್ಟೋ ಉಪನ್ಯಾಸಗಳನ್ನು ಮಾಡಿದ್ದೇವೆ, ಆ ನಾಚಿಕೆಯನ್ನು ಯಾವ ಉಪನ್ಯಾಸದಿಂದಲೂ ಹುಟ್ಟಿಸಲಾಗಿರಲಿಲ್ಲ. ಪಾತಾಳಗಂಗೆಯಿಂದ ದೋಣಿಯಲ್ಲಿ ಅಕ್ಕಮಹಾದೇವಿಯ ಗವಿಗೂ ಹೋಗಿಬಂದಳು. ಒಳಗಿನ ಇಕ್ಕಟ್ಟಿನ ಸಂದಿಯಲ್ಲಿ ಮೈ ಓರೆಮಾಡಿ ನುಸುಳುವಾಗ ತನಗೇನೆನಿಸಿತೆಂದು ಕೇಳಿದೆವು. ಅವಳು ಹೇಳಲಿಲ್ಲ; ನಾವೂ ಒತ್ತಾಯಿಸಲಿಲ್ಲ.

ಮರುವರ್ಷ ಅವಳು ನಡೆಯಲಿಲ್ಲ. ನಾಲ್ಕು ದಿನ ರಜೆ ಹಾಕಿ ರಾಯಚೂರಿನ ಕಡೆ ಒಂದು ಹಂದರದಲ್ಲಿ ಅನ್ನ ಬಡಿಸಿದಳು. ಬೆಟ್ಟಗಳ ತಿರುಗಾಟ ನಿಂತಿಲ್ಲ, ಕಡಿಮೆಯೂ ಆಗಿಲ್ಲ. ಲಗ್ನ ಇನ್ನೂ ಗೊತ್ತಾಗಿಲ್ಲ. ತಾಯಿಯ ಚಿಂತೆ ಹಾಗೆಯೇ ಇದೆ. ಹೆಣ್ಣು ನೋಡಲು ಬರುವವರು ಅವಳ ದಿನಚರಿಯನ್ನೊಮ್ಮೆ ಓದಲಿ ಎಂಬುದು ನಮ್ಮ ಸೂಚನೆ.

ಮನೆಯವರಿಗೆ ಹೇಳದೆಯೇ ಶ್ರೀಶೈಲಕ್ಕೆ ಹೋದ ಇನ್ನೊಬ್ಬರ ಕಥೆ ನಮ್ಮ ಪರಂಪರೆಯಲ್ಲಿಯೇ ಉಂಟು. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಅದನ್ನು ಹೇಳಿದ್ದಾನೆ. ಸೊನ್ನಲಿಗೆಯ ಬಾಲಕ ಸಿದ್ಧರಾಮನ ಬಳಿ ಮಲ್ಲಯ್ಯನು ಜಂಗಮನ ರೂಪದಲ್ಲಿ ಬಂದು ಉಣ್ಣಲು ಕೇಳಿದನು. ಹುಡುಗ ಮನೆಗೋಡಿ ಉಣಿಸು ತರುವಷ್ಟರಲ್ಲಿ ಜಂಗಮ ಅಲ್ಲಿರಲಿಲ್ಲ. ಮಲ್ಲಯ್ಯನನ್ನು ಕರೆಯುತ್ತ, ಅಳುತ್ತ, ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲ ಸೇರಿದನು. ಅಲ್ಲಿಯೂ ಕಾಣದೆ ಕಮರಿಗೆ ಹಾರಲು ಹೊರಟನು. ಆಗ ಕೈಹಿಡಿದ ಮಲ್ಲಯ್ಯನು ಅವನನ್ನು ತನ್ನ ಬಳಿ ಇರಿಸಿಕೊಳ್ಳದೆ ಊರಿಗೆ ಹಿಂದಿರುಗಿಸಿದನು. ಹಿಂದಿರುಗಿದವನು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಲು ತೊಡಗಿದನು.

ಆ ಸೊನ್ನಲಿಗೆಯೇ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. ಕೆರೆಯ ನೀರಿನ ನಡುವೆ ಸಿದ್ಧರಾಮೇಶ್ವರರ ಗುಡಿಯಿದೆ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಚೀಲವೇರಿಸಿ ಹೊರಡುವ ತರುಣರಿಗೆ ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಸೊಲ್ಲಾಪುರದ ಮೇಲೆಯೇ ಸಾಗುತ್ತದೆ. ಬಾಗಲಕೋಟೆಯಿಂದ ಹೊರಡುವ ತಂದೆ ತಾಯಿಯರಿಗೆ ವಿಜಯಪುರದ ಮಾರ್ಗವಾಗಿ ರೈಲು ಉಂಟು.